ಮುಂಬಯಿಯ ಕಲ್ಲಿನಲ್ಲಿ ಅಪ್ಪನ ಕಾಲು

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಮಗ್ಗ, ಎರಡು ಕುಣಿ. ಕುಣಿಯೆಂದರೆ ನೇಯುವವರು ನೆಲದಂಚಿಗೆ ಕುಳಿತು ಕಾಲು ಇಳಿಬಿಡುವ ತಗ್ಗು. ಕಿಟಕಿಯ ಕಡೆಯ ಕುಣಿಯಲ್ಲಿ ಅವ್ವ ಕುಳಿತು ನೇಯುತ್ತಿದ್ದಳು. ಗೋಡೆಯ ಕಡೆಯದು ಅಪ್ಪನದು. ಅದಕ್ಕೆ ಬೇವಿನ ಹಲಗೆ ಮುಚ್ಚಿ, ಮಗ್ಗದ ಮರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಆ ಹಲಗೆಯ ಮೇಲೆ ಯಾರೂ ಕಾಲಿಡುವಂತಿರಲಿಲ್ಲ. ನಾನೊಮ್ಮೆ ಅದರ ಮೇಲೆ ಕುಂಟಬಿಲ್ಲೆ ಆಡಿದ್ದಕ್ಕೆ ಅಮ್ಮ ಕೈಗೆ ಸಿಕ್ಕ ಲಾಳಿಯಿಂದಲೇ ಹೊಡೆದಳು. ನಮ್ಮ ಕಡೆ ಹೆತ್ತವಳು ಅವ್ವ, ತಂದೆಯ ತಾಯಿ ಅಮ್ಮ. ಇಲ್ಲಿ ಅಮ್ಮ ಎಂದಾಗಲೆಲ್ಲ ಆ ಮುದುಕಿಯೇ. ಇಳಕಲ್ಲಿನ ಆ ಓಣಿಯಲ್ಲಿ ಎಲ್ಲ ಮನೆಗಳೂ ಹೀಗೇ ಇದ್ದವು: ಮುಂದೆ ಮಗ್ಗ, ನಡುವೆ ಕತ್ತಲ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಬೇರೆ ಮನೆಗಳಲ್ಲಿ ಗಂಡಸರು ನೇಯುತ್ತಿದ್ದರು, ಹೆಂಗಸರು ನೂಲು ಸುತ್ತುತ್ತಿದ್ದರು. ನಮ್ಮಲ್ಲಿ ಅವ್ವ ಎರಡನ್ನೂ ಮಾಡುತ್ತಿದ್ದಳು. ಅಪ್ಪ ಹೋದ ಮೇಲೆ ಕಲಿತದ್ದು. ಆಕೆ ನೇಯ್ದ ಸೀರೆಯ ಅಂಚಿನಲ್ಲಿ ತಪ್ಪು ಹುಡುಕುವುದು ಅಮ್ಮನ ಸಂಜೆಯ ಕೆಲಸ.

ಊಟಕ್ಕೆ ಕೂಡುತ್ತಿದ್ದವರು ಮೂವರು, ಇಡುತ್ತಿದ್ದ ತಟ್ಟೆ ನಾಲ್ಕು. ನಾಲ್ಕನೆಯದು ಅಪ್ಪನದು. ಬಿಸಿ ರೊಟ್ಟಿ ಮೊದಲು ಆ ತಟ್ಟೆಗೆ, ಪುಂಡಿಪಲ್ಯ ಮೊದಲು ಆ ತಟ್ಟೆಗೆ. ನಮ್ಮದೆಲ್ಲ ಮುಗಿಯುವ ಹೊತ್ತಿಗೆ ಅದು ತಣ್ಣಗಾಗಿ ಅಂಚು ಮುರುಟಿರುತ್ತಿತ್ತು. ಚೆಲ್ಲುವಂತಿಲ್ಲ, ನಾಯಿಗೆ ಹಾಕುವಂತಿಲ್ಲ. ಗಂಡನ ತಟ್ಟೆಯದನ್ನು ಹೆಂಡತಿ ಉಣ್ಣಬೇಕು. ಹಾಗಾಗಿ ನನಗೆ ಬುದ್ಧಿ ಬಂದಾಗಿನಿಂದ ಅವ್ವ ಬಿಸಿ ರೊಟ್ಟಿ ತಿಂದದ್ದನ್ನು ನಾನು ನೋಡಿರಲಿಲ್ಲ. ಊಟವಾದ ಮೇಲೆ ಅಮ್ಮ ಆಕೆಯ ಕೈ ಹಿಡಿದು ಬಳೆ ನೋಡುತ್ತಿದ್ದಳು. ಮಗ್ಗದ ಕೆಲಸದಲ್ಲಿ ಗಾಜಿನ ಬಳೆ ನಿಲ್ಲುವುದಿಲ್ಲ. ಒಂದು ಒಡೆದಿದ್ದರೂ ಮನೆಯಲ್ಲಿ ಯುದ್ಧ.

"ಎಲ್ಲಿ ಒಡಕೊಂಡಿ? ಬೇಕಂತ ಒಡಕೊಂಡಿ ನೀ."

"ಮಗ್ಗದ ಹಲಗಿ ಬಡೀತ್ರಿ ಅತ್ತೀ. ನೇಯೋದ ಬಿಡ್ಲೇನು?"

"ನನ್ನ ಮಗ ಬಂದು ನಿನ್ನ ಬರಿಗೈ ನೋಡಬೇಕೇನು?"

"ಬರ್ಲಿ. ಬಂದು ನೋಡ್ಲಿ ಮೊದಲ."

ಈ ಕೊನೆಯ ಮಾತಿಗೆ ಅಮ್ಮ ಎದ್ದು ಹೋಗಿ ಅಪ್ಪನ ಕುಣಿಯ ಹಲಗೆಯ ಪಕ್ಕದಲ್ಲಿ ಕುಳಿತುಬಿಡುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ಮರುದಿನ ಬಳೆಗಾರ ಬರುತ್ತಿದ್ದ.

ನನ್ನಪ್ಪ ಮಲ್ಲಪ್ಪ ಯಾಕೆ ಹೋದನೆಂಬುದು ನಾನು ಕೇಳಿ ತಿಳಿದದ್ದು. ಅವನು ಹೋದಾಗ ನಾನು ಅಂಬೆಗಾಲಿಡುತ್ತಿದ್ದೆ. ಯುರೋಪಿನಲ್ಲಿ ಯುದ್ಧ ಶುರುವಾದದ್ದೇ ಪರದೇಶದಿಂದ ಬಣ್ಣ ಬರುವುದು ನಿಂತಿತು. ಬಣ್ಣವಿಲ್ಲದೆ ನೂಲಿಗೆ ಬೆಲೆಯಿಲ್ಲ, ನೂಲಿಲ್ಲದೆ ಮಗ್ಗವಿಲ್ಲ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಹುಸೇನಸಾಬರದು. ಅವರದು ತಲೆತಲಾಂತರದಿಂದ ಬಣ್ಣ ಹಾಕುವ ಮನೆತನ. ಅವರ ಹಂಡೆಗಳು ಒಣಗಿದವು, ನಮ್ಮ ಕುಣಿಗಳು ಬರಿದಾದವು. ಹುನಗುಂದದಲ್ಲಿ ಸಂತೆಯ ದಿನ ಆಳು ಹಿಡಿಯುವವರು ಬಂದು ಕುಳಿತರು. ಬಂದೂಕು ಹಿಡಿಯುವವರು ಬೇಡ, ಹೇಸರಗತ್ತೆ ಹೊಡೆಯುವವರು ಬೇಕು ಎಂದರು. ಮಗ್ಗ ಬಿಟ್ಟರೆ ಏನೂ ಗೊತ್ತಿಲ್ಲದ ಅಪ್ಪನೂ ಹಂಡೆ ಬಿಟ್ಟರೆ ಏನೂ ಗೊತ್ತಿಲ್ಲದ ಹುಸೇನಸಾಬರೂ ಹೆಬ್ಬೆಟ್ಟು ಒತ್ತಿ ಹೋದರು. ಹುಸೇನಸಾಬರು ಮರಳಿ ಬಂದರು. ಅಪ್ಪ ಬರಲಿಲ್ಲ. ಬಸ್ರಾದಲ್ಲಿ ತೀರಿಕೊಂಡನೆಂದು ಅವರು ಬಂದ ದಿನವೇ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದರು. ಹುನಗುಂದದ ಕಚೇರಿಯವರೂ ಕರೆಸಿ ಹೇಳಿದರು. ಅಮ್ಮ ಇಬ್ಬರನ್ನೂ ನಂಬಲಿಲ್ಲ.

"ಹುಸೇನ್ಯಾ, ನನ್ನ ಮಗ ದಂಡಿಗೆ ಹೋದಾವ. ದಂಡಿಗೆ ಹೋದಾವ ಸತ್ತರ ಕಲ್ಲು ನಿಲ್ಲಸ್ತಾರ. ಕಲ್ಲೆಲ್ಲೈತಿ, ಹೇಳು."

"ಅಲ್ಲಿ ಬರೇ ಉಸುಕ ದೊಡ್ಡವ್ವಾ. ಕಲ್ಲ ಎಲ್ಲಿಂದ ತರೋದು?"

"ಹಂಗಾರ ಸತ್ತಿಲ್ಲ."

ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಅಮ್ಮನ ತವರು ಬಾದಾಮಿಯ ಹತ್ತಿರದ ಚೊಳಚಗುಡ್ಡ. ಅಲ್ಲಿ ಅವರ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ. ದನಗಳನ್ನು ಬಿಡಿಸಲು ಹೋಗಿ ಸತ್ತ ಯಾವನೋ ಹಿರಿಯನದು. ಕೆಳಗೆ ದನ, ನಡುವೆ ಕತ್ತಿ ಹಿಡಿದ ಆತ, ಮೇಲೆ ಲಿಂಗ. ಪಕ್ಕದಲ್ಲೇ ಇನ್ನೊಂದು ಕಲ್ಲು: ಅದರಲ್ಲಿ ಬಳೆ ತೊಟ್ಟ ಒಂದು ತೋಳು ಮಾತ್ರ, ಆತನ ಚಿತೆ ಏರಿದ ಹೆಂಡತಿಯದು. ಅಮ್ಮ ಹುಡುಗಿಯಾಗಿದ್ದಾಗ ಪ್ರತಿ ಅಮಾವಾಸ್ಯೆ ಎರಡಕ್ಕೂ ಎಣ್ಣೆ ಹಚ್ಚಿದವಳು. ಯುದ್ಧವೆಂದರೆ ಏನು, ಅದರಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಎಂಬುದನ್ನು ಆಕೆ ಆ ಬದುವಿನಲ್ಲಿ ಕಲಿತಿದ್ದಳು. ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ಆಕೆಗೆ ಯಾರೂ ಕೊಟ್ಟಿರಲಿಲ್ಲ, ಸರಕಾರವೂ ಕೊಡಲಿಲ್ಲ.

ಅಮೀನಗಡದಲ್ಲಿ ಕರದಂಟು ಮಾಡಿ ಮಾರುವ ರಾಚಪ್ಪ ಎಂಬುವನಿದ್ದ. ಹೆಂಡತಿ ಸತ್ತವನು, ಮಕ್ಕಳಿಲ್ಲ. ನಮ್ಮ ಓಣಿಗೆ ಸೀರೆ ಕೊಳ್ಳಲು ಬಂದ ತನ್ನ ಅಕ್ಕನ ಜೊತೆ ಬಂದು ಅವ್ವನನ್ನು ನೋಡಿದ್ದ. ಉಡಿಕೆ ಮಾಡಿಕೊಳ್ಳುತ್ತೇನೆಂದು ಹಿರಿಯರ ಮೂಲಕ ಕೇಳಿಸಿದ. ಗಂಡ ಸತ್ತವಳು ಇನ್ನೊಬ್ಬ ತಂದ ಸೀರೆ ಉಟ್ಟು ಅವನ ಮನೆ ಸೇರುವುದು ನಮ್ಮಲ್ಲಿ ನಿಷಿದ್ಧವಲ್ಲ. ವಾದ್ಯ, ಹಂದರ ಇಲ್ಲದೆ ಸದ್ದಿಲ್ಲದೆ ನಡೆಯುತ್ತದೆ, ಅಷ್ಟೇ. ಅವ್ವನಿಗೆ ಒಪ್ಪಿಗೆಯಿತ್ತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ, ಆಕೆ ಹುಸೇನಸಾಬರ ಹೆಂಡತಿಗೆ ಹೇಳಿದ್ದನ್ನು ಕೇಳಿದ್ದೇನೆ: "ಆ ಮನ್ಯಾಗ ಬಿಸಿ ರೊಟ್ಟಿ ತಿಂತೇನಿ." ಆದರೆ ಉಡಿಕೆಯ ಕಟ್ಟಳೆಯಲ್ಲಿ ಒಂದು ಮಾತಿದೆ. ಮೊದಲ ಗಂಡನ ಮಕ್ಕಳು ಮೊದಲ ಗಂಡನ ಮನೆಗೆ ಸೇರಿದವು. ಹೆಂಗಸು ಒಬ್ಬಳೇ ಹೊಸಿಲು ದಾಟಬೇಕು. ರಾಚಪ್ಪ "ಹುಡುಗಿನೂ ಬರ್ಲಿ" ಎಂದಿದ್ದನಂತೆ. ದೈವದವರು, ಅಂದರೆ ನಮ್ಮ ನೇಕಾರರ ಹಿರಿಯರು, ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಡಿಕೆಗೆ ಮಾತ್ರ ಅವರ ಅಡ್ಡಿಯಿರಲಿಲ್ಲ. ಅಡ್ಡಿ ಅಮ್ಮನದು: ಸಾಯದ ಗಂಡನನ್ನು ಬಿಟ್ಟು ಹೋಗುವುದು ಉಡಿಕೆಯಲ್ಲ, ಓಡಿಹೋಗುವುದು. ಹೀಗೆ ಅವ್ವ ಹೆಂಡತಿಯೂ ಅಲ್ಲದೆ ವಿಧವೆಯೂ ಅಲ್ಲದೆ ತಣ್ಣನೆಯ ರೊಟ್ಟಿ ತಿನ್ನುತ್ತ ವರ್ಷಗಳು ಹೋದವು.

ಇಂಥ ನಮ್ಮ ಮನೆಗೆ ಕಲ್ಲಿನ ಸುದ್ದಿ ತಂದವಳು ನಾನು. ಸಾಲೆಯಲ್ಲಿ ಮಾಸ್ತರರು ಪತ್ರಿಕೆ ಓದಿ ಹೇಳುವ ಪದ್ಧತಿಯಿತ್ತು. ಮುಂಬಯಿ ರಾಜಧಾನಿಯಲ್ಲಿ ಯುದ್ಧದಲ್ಲಿ ಮಡಿದವರಿಗಾಗಿ ಸ್ಮಾರಕಗಳು ನಿಂತಿವೆ, ಕಲ್ಲಿನ ಮತ್ತು ಕಂಚಿನ ಸಿಪಾಯಿಗಳಿದ್ದಾರೆ ಎಂದು ಓದಿದರು. ನಾನು ಮನೆಗೆ ಬಂದು ಪಾಟಿ ಇಡುವ ಮೊದಲೇ ಹೇಳಿದೆ. ಅಮ್ಮ ಕೈಯಲ್ಲಿದ್ದ ರಾಟೆ ನಿಲ್ಲಿಸಿದಳು.

"ಕಲ್ಲು ನಿಲ್ಲಿಸ್ಯಾರ? ಖರೆ?"

"ಮಾಸ್ತರ ಓದ್ಯಾರ."

"ಸತ್ತವರದು?"

"ದಂಡಿನ್ಯಾಗ ಸತ್ತವರದು ಅಂತ."

ಮಗ್ಗದ ಸದ್ದೂ ನಿಂತಿತು. ಅವ್ವ ಕುಣಿಯಿಂದ ಕಾಲು ಮೇಲೆ ತೆಗೆದು, ತಿರುಗಿ ಕುಳಿತು, ಬಹಳ ನಿಧಾನವಾಗಿ ಕೇಳಿದಳು:

"ಅತ್ತೀ, ಕಲ್ಲು ನೋಡಿದರ ನಂಬ್ತೀರೇನು?"

"ನನ್ನ ಮಗನ ಕಲ್ಲು ಇದ್ದರ ನಂಬ್ತೇನಿ."

"ನಂಬಿದರ ನನ್ನ ಬಿಡ್ತೀರೇನು?"

ಅಮ್ಮ ಉತ್ತರ ಕೊಡಲಿಲ್ಲ. ಅವ್ವ ಅದನ್ನು ಹೌದೆಂದು ತಿಳಿದಳು. ದೈವದವರೂ ಹಾಗೆಯೇ ತಿಳಿದರು. ನೋಡಿ ಬರಲಿ, ತಕರಾರು ಮುಗಿಯಲಿ ಎಂದರು. ಹಡಗು ಹತ್ತಿದ ಊರೆಂದು ಹುಸೇನಸಾಬರಿಗೆ ಮುಂಬಯಿಯ ದಾರಿ ಗೊತ್ತಿತ್ತು. ಅವರು ಬರಲು ಒಪ್ಪಿದ್ದು ಅವ್ವನ ಮೇಲಿನ ಕರುಣೆಯಿಂದ. ಆ ದಿನಗಳಲ್ಲಿ ಅವರ ಸ್ಥಿತಿಯೂ ಚೆನ್ನಾಗಿರಲಿಲ್ಲ. ಮುಸಲ್ಮಾನರ ಖಲೀಫನಾದ ತುರ್ಕರ ಸುಲ್ತಾನನ ಮೇಲೆ ನಡೆದ ಯುದ್ಧಕ್ಕೆ ಹೋಗಿ ಬಂದವನೆಂದು ಮಸೀದಿಯಲ್ಲಿ ಕೆಲವರು ಅವರೊಡನೆ ಮಾತು ಬಿಟ್ಟಿದ್ದರು.

ಚಕ್ಕಡಿ ಅಮೀನಗಡದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಿತು. ರಾಚಪ್ಪ ಅಂಗಡಿಯಿಂದ ಇಳಿದು ಬಂದ. ಕುಳ್ಳ ಮನುಷ್ಯ, ಮೊಣಕೈವರೆಗೆ ಬೆಲ್ಲದ ಪಾಕ. ಅವ್ವನ ಕಡೆ ನೋಡದೆ ಅಮ್ಮನ ಮುಂದೆ ಮುತ್ತುಗದ ಎಲೆಯ ಪೊಟ್ಟಣ ಚಾಚಿದ.

"ದಾರ್‍ಯಾಗ ಹುಡುಗಿಗೆ ಆಗ್ತೈತ್ರಿ ಯವ್ವಾ."

"ನಿನ್ನ ಕೈಯಿಂದು ನಮಗ ಬ್ಯಾಡ."

"ನನ್ನ ಕೈ ಯಾಕ ನೋಡ್ತೀರಿ? ಅಂಟು, ಬೆಲ್ಲ, ಕೊಬ್ಬರಿ ನೋಡ್ರಿ."

ಹುಸೇನಸಾಬರು ನಕ್ಕು ಪೊಟ್ಟಣ ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿದರು. "ಖರೆ ಅಂದಿ ರಾಚಪ್ಪ. ಬೆಲ್ಲಕ್ಕೇನು ಗೊತ್ತು." ನಾನು ಬಾಗಲಕೋಟೆಯ ಸ್ಟೇಷನ್ ಬರುವವರೆಗೆ ತಿಂದೆ. ಬಹಳ ಚೆನ್ನಾಗಿತ್ತು. ಅದಕ್ಕಾಗಿ ಆ ಮನುಷ್ಯನನ್ನು ಇನ್ನಷ್ಟು ದ್ವೇಷಿಸಿದೆ.

ರೈಲಿನಲ್ಲಿ ವಿಜಾಪುರ ದಾಟಿದ ಮೇಲೆ ಅಮ್ಮ ತೂಕಡಿಸತೊಡಗಿದಾಗ ಅವ್ವ ನನ್ನನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಹೇಳಿದಳು: "ಕಾಶೀ, ಕಲ್ಲು ಸಿಕ್ಕರ ನಾ ಅಮೀನಗಡಕ್ಕ ಹೋಗ್ತೇನಿ. ನೀ ಅಮ್ಮನ ಕೂಡ ಇರ್ತಿ. ಅಮಾಸಿಗೊಮ್ಮೆ ಬಂದು ನೋಡಿ ಹೋಗ್ತೇನಿ." ಅಳಬೇಡ ಎಂದೂ ಹೇಳಲಿಲ್ಲ, ಏನೆನ್ನುತ್ತೀ ಎಂದೂ ಕೇಳಲಿಲ್ಲ. ಹೋಟಗಿಯಲ್ಲಿ ಗಾಡಿ ಬದಲಿಸಿ ಮುಂಬಯಿ ಮುಟ್ಟುವವರೆಗೆ ನಾನು ಒಂದೇ ಪ್ರಾರ್ಥನೆ ಮಾಡಿದೆ: ಅಲ್ಲಿ ಅಪ್ಪ ಇರಬಾರದು.

ಧರ್ಮಶಾಲೆಯಲ್ಲಿ ಗಂಟು ಇಟ್ಟು ಬೆಳಿಗ್ಗೆಯೇ ಕೋಟೆಯ ಕಡೆ ನಡೆದೆವು. ಮೊದಲು ಎದುರಾದದ್ದು ಕುದುರೆಯ ಮೇಲೆ ಕುಳಿತ ಕಂಚಿನ ದೊರೆ, ನಮ್ಮ ಮನೆಯ ಮಾಳಿಗೆಗಿಂತ ಎತ್ತರ. ಅಮ್ಮ ಸೆರಗು ಹಣೆಗೆ ಎಳೆದುಕೊಂಡು ಕುದುರೆಯನ್ನು ಸುತ್ತು ಹಾಕಿದಳು.

"ಕುದರಿಗೆ ಎಷ್ಟ ಹೊಟ್ಟಿ ಐತಿ. ಇದು ದಂಡಿಗೆ ಹೋಗಿತ್ತೇನೋ?"

"ಇವ ದೊಡ್ಡ ಸಾಹೇಬ ದೊಡ್ಡವ್ವಾ."

"ಎಲ್ಲಿ ಸತ್ತ?"

"ಸತ್ತಿಲ್ಲ. ಪಗಾರ ಎಣಿಸ್ಕೊಂಡು ತಮ್ಮೂರಿಗೆ ಹೋಗ್ಯಾನ."

"ಸಾಯದವಂಗ ಕಲ್ಲು ಯಾಕ ನಿಲ್ಲಿಸ್ಯಾರ?"

ಹುಸೇನಸಾಬರು ಮುಂದಿನ ಚೌಕದ ಕಡೆ ಕೈ ತೋರಿಸಿದರು. ಯಾಕೆ ನಿಲ್ಲಿಸಿದ್ದರೆಂದು ನನಗೆ ಈಗಲೂ ಗೊತ್ತಿಲ್ಲ. ಎರಡನೆಯದು ಬಿಳಿ ಕಲ್ಲಿನ ಸಿಪಾಯಿ: ಬಂದೂಕಿನ ತುದಿಯನ್ನು ನೆಲಕ್ಕೂರಿ, ಅದರ ಹಿಡಿಯ ಮೇಲೆ ಕೈ ಮಡಚಿ, ತಲೆ ತಗ್ಗಿಸಿ ನಿಂತಿದ್ದ. ಅಮ್ಮ ಅವನ ಮುಖ ನೋಡಲು ಕೆಳಗೆ ಕೂತು ಕತ್ತು ಹೊರಳಿಸಿದಳು. ಮೂಗು ತನ್ನ ಮಗನದಲ್ಲ, ಗದ್ದ ಅಲ್ಲವೇ ಅಲ್ಲ, ಇವನು ಯಾವನೋ ಟೋಪಿಯವ ಎಂದು ಎದ್ದಳು. ಅವ್ವನ ಮುಖ ಸಣ್ಣದಾಯಿತು. ನನ್ನ ಎದೆ ಹಗುರಾಯಿತು. ಹೀಗೆ ಚೌಕದಿಂದ ಚೌಕಕ್ಕೆ ಹೋದೆವು. ಪೇಟದ ಸಿಪಾಯಿ, ಗಡ್ಡದ ಸಿಪಾಯಿ, ರೆಕ್ಕೆಯ ಹೆಂಗಸಿನ ಕಾಲಬುಡದಲ್ಲಿ ಬಿದ್ದ ಸಿಪಾಯಿ. ಎಲ್ಲರ ಕೈಯಲ್ಲೂ ಆಯುಧವಿತ್ತು. ಅಪ್ಪನ ಕೈಗೆ ಯಾರೂ ಆಯುಧ ಕೊಟ್ಟಿರಲಿಲ್ಲ, ಹಗ್ಗ ಕೊಟ್ಟಿದ್ದರು. ಈ ಮಾತನ್ನು ಹುಸೇನಸಾಬರು ಒಮ್ಮೆ ಮೆಲ್ಲಗೆ ಅಂದರು. ಅಮ್ಮ ಕೇಳದವಳಂತೆ ಮುಂದೆ ನಡೆದಳು.

ಕೊನೆಯದು ಸಮುದ್ರದ ಗಾಳಿ ಬೀಸುವ ಕಡೆ ಇದ್ದ ಒಂದು ಕಂಬ. ಮೇಲೆ ಇಂಗ್ಲಿಷ್ ಅಕ್ಷರ, ಬುಡದ ನಾಲ್ಕೂ ಕಡೆ ಉಬ್ಬು ಕೆತ್ತನೆ. ಒಂದು ಕಡೆ ತೋಪು ಎಳೆಯುವ ಹೇಸರಗತ್ತೆಗಳಿದ್ದವು. ಕೆತ್ತಿದವನು ಪ್ರಾಣಿಗಳನ್ನು ಬಲ್ಲವನಿರಬೇಕು. ಕಿವಿ, ಮೂಗಿನ ಹೊಳ್ಳೆ, ಬೆನ್ನಿನ ಪಟ್ಟಿ, ಬೆವರಿಗೆ ಅಂಟಿದ ಕೂದಲು, ಎಲ್ಲ ತಿದ್ದಿ ಕೆತ್ತಿದ್ದ. ಅವುಗಳನ್ನು ಹಿಡಿದು ನಡೆಸುವ ಮನುಷ್ಯ ಆಚೆ ಬದಿಗಿದ್ದ. ಪ್ರಾಣಿಯ ಹೊಟ್ಟೆಯ ಕೆಳಗೆ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು, ಮೊಣಕಾಲಿನಿಂದ ಕೆಳಗೆ. ತಲೆ ಇರಬೇಕಾದ ಕಡೆ ಹೇಸರಗತ್ತೆಯ ಬೆನ್ನಿನ ಹೇರು ಅಡ್ಡ ಬಂದಿತ್ತು.

ಅಮ್ಮ ಅದರ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಅವ್ವ ಆಕೆಯ ಮುಖವನ್ನೊಮ್ಮೆ ಕಲ್ಲನ್ನೊಮ್ಮೆ ನೋಡಿದಳು. ಆಮೇಲೆ ಹೋಗಿ ಆ ಕಾಲುಗಳ ಮೇಲೆ ಕೈಯಿಟ್ಟಳು.

"ಇವರೇ ಅತ್ತೀ."

"ಹ್ಯಾಂಗ ಹೇಳ್ತಿ?"

"ಎಡಗಾಲು ಹೊರಗ ಹಾಕಿ ನಿಂತಾರ ನೋಡ್ರಿ. ಕುಣಿಯಿಂದ ಎದ್ದಾಗ ಹಿಂಗ ನಿಂದ್ರತಿದ್ರು. ನನಗ ಗೊತ್ತಿಲ್ಲೇನು?"

ಹುಸೇನಸಾಬರು ಏನೋ ಹೇಳಲು ಬಾಯಿ ತೆರೆದರು. ಅವ್ವ ಅವರ ಕಡೆ ನೋಡಿದಳು. ಅವರು ಮುಖ ಸಮುದ್ರದ ಕಡೆ ತಿರುಗಿಸಿದರು. ಅಮ್ಮ ಕುಸಿದು ಕುಳಿತು ಆ ಕಲ್ಲಿನ ಕಾಲುಗಳನ್ನು ಹಿಡಿದುಕೊಂಡು ಅತ್ತಳು. ಅಲ್ಲಿಯವರೆಗೆ ಆಕೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಗಂಟಿನಿಂದ ಎಣ್ಣೆಯ ಗಿಂಡಿ ತೆಗೆದು ಕಾಲುಗಳಿಗೆ ಹಚ್ಚಿದಳು, ಕುಂಕುಮ ಇಟ್ಟಳು, ಮನೆಯಿಂದ ತಂದಿದ್ದ ರೊಟ್ಟಿಯನ್ನು ಮುಂದಿಟ್ಟಳು. ಆಮೇಲೆ ಅವ್ವನ ಕಡೆ ತಿರುಗಿದಳು. ಅಮ್ಮ ಕೇಳುವ ಮೊದಲೇ ಅವ್ವ ಎರಡೂ ಕೈ ಚಾಚಿದಳು. ಕಂಬದ ಮೆಟ್ಟಿಲಿಗೆ ಬಡಿದು ಅಮ್ಮ ಬಳೆಗಳನ್ನು ಒಡೆದಳು. ಒಂದು ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಬಂತು. ಅವ್ವ ಅದನ್ನು ನೋಡಲಿಲ್ಲ. ಆಕೆಯ ಮುಖದಲ್ಲಿ ದುಃಖವಿರಲಿಲ್ಲ. ಏನಿತ್ತು ಎಂಬುದನ್ನು ನಾನು ಆಮೇಲೆ ಜೈಲಿನ ಬಾಗಿಲಲ್ಲಿ ಬಿಡುಗಡೆಯಾಗಿ ಬರುವವರ ಮುಖದಲ್ಲಿ ಕಂಡೆ. ಪತ್ರಿಕೆಗೆ ಸುದ್ದಿ ಬರೆಯುವವಳಾಗಿ ಅಲ್ಲಿ ಅನೇಕ ಸಲ ನಿಂತಿದ್ದೇನೆ.

ಅಷ್ಟರಲ್ಲಿ ಹವಾಲ್ದಾರ ಓಡಿಬಂದ. ಮರಾಠಿಯಲ್ಲಿ ಬೈದ: ಸರಕಾರದ ಕಲ್ಲಿಗೆ ಎಣ್ಣೆ ಬಳಿದವರು ಯಾರು, ಇದೇನು ನಿಮ್ಮ ಊರ ಬಾವಿಕಟ್ಟೆಯೇ. ಹುಸೇನಸಾಬರು, ನಾನೂ ಅದೇ ಯುದ್ಧಕ್ಕೆ ಹೋಗಿ ಬಂದವನು ಎಂದರು. ಹವಾಲ್ದಾರ ಅವರ ಗಡ್ಡವನ್ನೂ ಕಾಲಿನ ಹರಿದ ಜೋಡನ್ನೂ ನೋಡಿ, "ಹಾಗಾದರೆ ನೀನೇ ಒರೆಸು" ಎಂದ. ಒರೆಸಿದವಳು ಅವ್ವ. ಸೆರಗಿನಿಂದ ಎಣ್ಣೆಯನ್ನೂ ಕುಂಕುಮವನ್ನೂ ತಿಕ್ಕಿ ತೆಗೆದಳು. ರೊಟ್ಟಿಯನ್ನು ಹವಾಲ್ದಾರ ಕೋಲಿನ ತುದಿಯಿಂದ ಚರಂಡಿಗೆ ತಳ್ಳಿದ.

ಮರಳುವ ರೈಲಿನಲ್ಲಿ ಅವ್ವ ಮಾತಾಡಿದಷ್ಟು ಹಿಂದೆಂದೂ ಮಾತಾಡಿರಲಿಲ್ಲ. ಸೊಲ್ಲಾಪುರದಲ್ಲಿ ಹುರಿಗಡಲೆ ಕೊಂಡು ಎಲ್ಲರಿಗೂ ಹಂಚಿದಳು. ಹುಸೇನಸಾಬರನ್ನು ಚೇಷ್ಟೆ ಮಾಡಿದಳು. ಅಮ್ಮ ಮಾತ್ರ ಸೆಟೆದು ಕುಳಿತಿದ್ದಳು. ಪಕ್ಕದ ಸೀಟಿನ ಹೆಂಗಸು ಎಲ್ಲಿಗೆ ಹೋಗಿದ್ದಿರೆಂದು ಕೇಳಿದಾಗ ಆಕೆ ಕೊಟ್ಟ ಉತ್ತರ ನನಗೆ ನೆನಪಿದೆ: "ಮಗನ ಕಲ್ಲಿಗೆ ಹೋಗಿದ್ದಿವಿ. ರಾಜಧಾನ್ಯಾಗ ಐತಿ." ಆ ದನಿ ಅಳುವವಳದಾಗಿರಲಿಲ್ಲ.

ಊರಿಗೆ ಬಂದ ಮೇಲೆ ದೈವ ಮಠದ ಕಟ್ಟೆಯ ಮೇಲೆ ಕೂಡಿತು. ರಾಚಪ್ಪ ತನ್ನ ಕಡೆಯ ಹಿರಿಯರೊಡನೆ ಬಂದು ಬೇವಿನ ಗಿಡದ ಕೆಳಗೆ ನಿಂತಿದ್ದ. ಪಾಕ ತೊಳೆದ ಕೈ, ಮಡಿ ಮಾಡಿದ ಅಂಗಿ. ಅವ್ವ ಬರಿಗೈಯಲ್ಲಿ, ತಲೆ ತುಂಬ ಸೆರಗು ಹೊದ್ದು ಕುಳಿತಿದ್ದಳು. ದೈವದ ಹಿರಿಯ ನಗುತ್ತಲೇ ಶುರು ಮಾಡಿದ.

"ಏನಬೇ ಶಿವಲಿಂಗವ್ವ, ಮುಂಬೈ ನೋಡಿ ಬಂದಿ. ಇನ್ನರೆ ಸೊಸಿನ ಬಿಡ್ತಿಯಿಲ್ಲೋ?"

ಅಮ್ಮ ಎದ್ದು ನಿಂತಳು.

"ನನ್ನ ಮಗ ವೀರ ಆಗ್ಯಾನ್ರಿ. ಸರಕಾರ ಕಲ್ಲು ನಿಲ್ಲಿಸೈತಿ. ನಾ ಎಣ್ಣಿ ಹಚ್ಚಿ ಬಂದೇನಿ. ವೀರನ ಹೇಂತಿ ಉಡಿಕಿ ಹೋದದ್ದು ಯಾರ ಮನ್ಯಾಗ ಐತಿ, ನೀವ ಹೇಳ್ರಿ."

ಅಮ್ಮ ಹೇಳಿದ್ದು ಎಲ್ಲರಿಗೂ ಗೊತ್ತಿದ್ದ ಮಾತು. ಕಲ್ಲಾದವನ ಪಕ್ಕ ತೋಳಿನ ಕಲ್ಲು ಇರುತ್ತದೆ. ಸುಟ್ಟುಕೊಳ್ಳುವ ಕಾಲ ಹೋಗಿದ್ದರೂ ಆ ತೋಳಿನ ಬಳೆ ಇನ್ನೊಬ್ಬನ ಮನೆಗೆ ಹೋಗುವುದಿಲ್ಲ. ಅಪ್ಪ ಕಾಣೆಯಾದ ನೇಕಾರನಾಗಿದ್ದಾಗ ಆತನ ಹೆಂಡತಿಗೆ ಒಂದು ಅಡ್ಡಿಯಿತ್ತು, ಸತ್ತ ನೇಕಾರನಾಗಿದ್ದರೆ ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಈಗ ಅವನು ಇವೆರಡೂ ಅಲ್ಲ. ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಸೆರಗು ಜಾರಿದ್ದೂ ತಿಳಿಯದೆ ಎದ್ದಳು.

"ಅವು ಅವರ ಕಾಲಲ್ರಿ. ನಾ ಸುಳ್ಳ ಹೇಳೇನಿ."

"ಮುಂಬೈದಾಗ ಹೌದು, ಇಳಕಲ್ಲದಾಗ ಅಲ್ಲ. ದಾರ್‍ಯಾಗ ಕಾಲು ಬದಲಾದುವೇನು?" ಎಂದ ದೈವದ ಹಿರಿಯ.

ಕೂಡಿದವರು ನಕ್ಕರು. ಅವ್ವ ನಗು ನಿಲ್ಲಲು ಕಾಯದೆ ಕೂಗಿದಳು: "ಹುಸೇನಣ್ಣಾರ, ಹೇಳ್ರಿ. ಅವರು ಹ್ಯಾಂಗ ಸತ್ರು ಹೇಳ್ರಿ."

ಹುಸೇನಸಾಬರು ಕಟ್ಟೆಯ ಕೆಳಗೆ ನಿಂತಿದ್ದರು. ಅಮ್ಮನ ಕಡೆ ನೋಡದೆ ಹೇಳಿದರು: "ಮಲ್ಲಪ್ಪ ಹೊಟ್ಟಿ ಝಾಡಿಸಿ ಸತ್ತ್ರಿ. ಹೇಸರಗತ್ತಿ ಲಾಯದ ಬಾಜೂಕ ಮಲಗಿಸಿದ್ದರು. ನೀರು ಕೆಟ್ಟಿತ್ತು. ನಾನ ಕಂಬಳಿ ಸುತ್ತಿ ಉಸುಕಿನ್ಯಾಗ ಇಟ್ಟೇನಿ. ಅವ ಯಾವ ತೋಪೂ ಎಳದಿಲ್ಲ. ಮೇವು ಹಾಕತಿದ್ದ, ಲದ್ದಿ ತಗೀತಿದ್ದ."

ನಾನು ಕೇಳಿದ ಸಾಕ್ಷಿಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ. ದೈವದ ಹಿರಿಯ ಮೀಸೆಯ ಮೇಲೆ ಕೈಯಾಡಿಸಿ ಹೇಳಿದ:

"ಇದನ್ನ ಹಡದ ತಾಯಿ ಮುಂದ ಹೇಳಬಾರದಿತ್ತು ಸಾಬ. ಅಲ್ಲಪಾ, ಹೊಟ್ಟಿ ಝಾಡಿಸಿ ಸತ್ತವರಿಗೆ ಸರಕಾರ ಕಲ್ಲು ನಿಲ್ಲಸ್ತೈತೇನು?"

"ಭಾಳ ಮಂದಿ ಹಂಗ ಸತ್ತಾರ್ರಿ. ಅವರ ಲೆಕ್ಕನೂ ಅದರಾಗ ಐತಿ."

"ಹಂಗಾರ ನೀ ಉಳದು ಬಂದಾವ, ಸತ್ತವನ ಮ್ಯಾಲ ಹೊಟ್ಟೆಕಿಚ್ಚು ಅಂತ ತಿಳ್ಕೋಬೇಕಾಗ್ತೈತಿ."

ಹುಸೇನಸಾಬರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ದೈವಕ್ಕೆ ಸತ್ಯ ಗೊತ್ತಿರಲಿಲ್ಲ ಎಂದು ನಾನು ಬರೆಯಲಾರೆ. ಗೊತ್ತಿತ್ತು. ಆದರೆ ಇಳಕಲ್ಲಿನ ನೇಕಾರನೊಬ್ಬನ ಕಲ್ಲು ರಾಜಧಾನಿಯಲ್ಲಿ ನಿಂತಿದೆ ಎಂಬ ಸುದ್ದಿ ಅಷ್ಟರೊಳಗೆ ಹುನಗುಂದದ ಕಚೇರಿಗೂ ಹೋಗಿತ್ತು. ಊರಿಗೆ ಅದು ಬೇಕಾಗಿತ್ತು. ಉಡಿಕೆಗೆ ಒಪ್ಪಿಗೆಯಿಲ್ಲ ಎಂದು ಹೇಳಿ ಎಲೆ ಅಡಿಕೆ ಹಂಚಿದರು. ಬೇವಿನ ಗಿಡದ ಕೆಳಗಿದ್ದ ರಾಚಪ್ಪ ಎಲೆ ಮು‌ಟ್ಟದೆ ಹೋದ. ಹೋಗುವ ಮುಂದೆ ಹುಸೇನಸಾಬರ ಮನೆಯಲ್ಲಿ ನೀರು ಕುಡಿಯುತ್ತ ಹೇಳಿದನಂತೆ: "ಮನಷ್ಯಾ ಅಡ್ಡ ಬಂದಿದ್ದರ ಕೈ ಮುಗೀತಿದ್ದೆ, ಇಲ್ಲಾ ಜಗಳಾಡ್ತಿದ್ದೆ. ಕಲ್ಲಿನ ಕೂಡ ಏನ ಮಾಡ್ಲಿ?" ಸುಗ್ಗಿಯ ಹೊತ್ತಿಗೆ ಗುಳೇದಗುಡ್ಡದ ಕಡೆಯ ಹೆಣ್ಣೊಬ್ಬಳನ್ನು ಮಾಡಿಕೊಂಡ. ಅವ್ವ ತವರಿಗೆ ಹೇಳಿಕಳಿಸಿದಳು. ಅಲ್ಲಿಂದ ಆಕೆಯ ಅಣ್ಣ ಬಂದು, ದೈವದ ಮಾತು ಮೀರಿದರೆ ನಮ್ಮ ಮನೆಯ ಹೆಣ್ಣುಗಳಿಗೆ ಗಂಡು ಸಿಕ್ಕುವುದಿಲ್ಲ ಎಂದು ಹೇಳಿ, ಉಂಡು, ಹೋದ.

ಆಮೇಲೆ ಮನೆಯಲ್ಲಿ ನಾಲ್ಕನೆಯ ತಟ್ಟೆ ಇಡುವುದು ನಿಂತಿತು. ಅವ್ವನಿಗೆ ಬಿಸಿ ರೊಟ್ಟಿ ಸಿಕ್ಕಿತು. ಅಪ್ಪನ ಕುಣಿಯ ಹಲಗೆಯ ಮೇಲೆ ಅಮ್ಮ ಒಂದು ದುಂಡುಗಲ್ಲು ಇಟ್ಟು ಅಮಾವಾಸ್ಯೆಗೆ ಎಣ್ಣೆ ಹಚ್ಚತೊಡಗಿದಳು. ಓಣಿಯ ಜನ ತೆಂಗಿನಕಾಯಿ ತಂದರು. ಮಕ್ಕಳಿಗೆ ಜ್ವರ ಬಂದರೆ ಅವ್ವನ ಕೈಯಿಂದ ಆ ಕಲ್ಲಿನ ಅಂಗಾರ, ಅಂದರೆ ಬೂದಿ, ಹಚ್ಚಿಸಿಕೊಂಡು ಹೋಗುವವರೂ ಇದ್ದರು. ಅದೇ ಜನ ಮದುವೆಯ ದಿನ ಆಕೆ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದರು. ಅವ್ವ ಅಂಗಾರ ಹಚ್ಚುತ್ತಿದ್ದಳು, ನೇಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಮ್ಮನೊಡನೆ ಜಗಳವೂ ನಿಂತಿತು. ಆ ಮೌನಕ್ಕಿಂತ ಬಳೆಯ ಜಗಳಗಳೇ ವಾಸಿಯಾಗಿದ್ದವು.

ನಾನು ಮಾತ್ರ ಆ ವರ್ಷಗಳಲ್ಲಿ ಸುಖವಾಗಿದ್ದೆ. ನನ್ನ ಪ್ರಾರ್ಥನೆ ಫಲಿಸಿರಲಿಲ್ಲ, ಆದರೂ ಬೇಡಿದ್ದು ಸಿಕ್ಕಿತ್ತು. ಓಣಿಯ ಹೆಂಗಸರು ನನ್ನ ಕೆನ್ನೆ ಚಿವುಟಿ "ನಿನ್ನ ಸಲುವಾಗಿ ಉಳದಾಳ ನಿಮ್ಮವ್ವ" ಎನ್ನುತ್ತಿದ್ದರು. ಕಟ್ಟೆಯ ಮೇಲೆ ನಡೆದದ್ದನ್ನು ಕಣ್ಣಾರೆ ಕಂಡಿದ್ದರೂ ಕೇಳಿ ಕೇಳಿ ನಾನೂ ಅದನ್ನೇ ನಂಬಿದೆ. ಸಾಲೆ ಮುಗಿದು, ಧಾರವಾಡದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿಗೆ ಮಾಸ್ತರರು ನನ್ನ ಹೆಸರು ಕಳಿಸಿ ಕರೆ ಬಂದಾಗ ನಾನು ಹೋಗುವುದಿಲ್ಲವೆಂದೆ. ಕಾರಣ ಕೇಳಿದವರಿಗೆಲ್ಲ ಅವ್ವನ ಋಣ ಎಂದೆ. ಅಮ್ಮನಿಗೆ ಬಹಳ ಸಂತೋಷವಾಯಿತು.

ಅವ್ವ ಆ ದಿನ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡುತ್ತಿದ್ದಳು. ಎಳೆ ಕೈಯಲ್ಲೇ ಇತ್ತು, ಗಂಟು ಹಾಕುವುದನ್ನೂ ನಿಲ್ಲಿಸಲಿಲ್ಲ.

"ಯಾಕ ಹೋಗೂದಿಲ್ಲಂತಿ?"

"ನೀ ನನ್ನ ಸಲುವಾಗಿ ಉಳದಿ. ನಾ ಹ್ಯಾಂಗ ಬಿಟ್ಟು ಹೋಗ್ಲಿ?"

ಆಕೆ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಸಿಟ್ಟಿರಲಿಲ್ಲ, ಪ್ರೀತಿಯೂ ಕಾಣಲಿಲ್ಲ.

"ಯಾರ ಹೇಳಿದರು ನಿನಗ? ನಿನ್ನ ಸಲುವಾಗಿ ಉಳೀಲಿಲ್ಲ ನಾ. ಬಿಟ್ಟಿದ್ದರ ಹೋಗ್ತಿದ್ದೆ. ತಿರುಗಿ ನೋಡ್ತಿದ್ದಿಲ್ಲ." ಗಂಟು ಬಿಗಿದು ಮುಂದಿನ ಎಳೆ ಹಿಡಿದಳು. "ನಿನ್ನ ಬಿಟ್ಟಾರ. ನೀ ಹೋಗು."